ಫುಲ್ ಟ್ಯಾಂಕ್ ಮಾಡಿಸಿದರೆ ಮಾತ್ರ ವಾಸನೆ

ಹಳೆಯ ಕಾರು ಇಟ್ಟುಕೊಂಡ ಕರಾವಳಿಯವರ ದೂರೊಂದು ಹೀಗಿರುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇರುವಾಗ ಯಾವ ತೊಂದರೆಯೂ ಇಲ್ಲ. ಬಂಕಿನಲ್ಲಿ ಫುಲ್ ಮಾಡಿಸಿ ಎರಡು ತಿರುವು ದಾಟಿದರೆ ಸಾಕು, ಕಾರಿನೊಳಗೆಲ್ಲ ಘಾಟು. ಮರುದಿನ ಬೆಳಿಗ್ಗೆ ಅಂಗಳದ ಸಿಮೆಂಟಿನ ಮೇಲೆ, ಹಿಂದಿನ ಚಕ್ರದ ಪಕ್ಕ, ಅಂಗೈಯಗಲದ ಕಲೆ. ಒಂದಷ್ಟು ಓಡಿಸಿ ಟ್ಯಾಂಕ್ ಇಳಿದ ಮೇಲೆ ವಾಸನೆಯೂ ಇಲ್ಲ, ಕಲೆಯೂ ಇಲ್ಲ. ಗ್ಯಾರೇಜಿನಲ್ಲಿ ಹೇಳಿಕೊಂಡರೆ ಒಮ್ಮೊಮ್ಮೆ ಸಿಗುವ ಸಲಹೆ ಇದು: “ಫುಲ್ ಮಾಡಿಸ್ಬೇಡಿ ಮಾರಾಯ್ರೆ, ಅರ್ಧದಲ್ಲೇ ಓಡಿಸಿ.”

ಸಲಹೆ ಫಲಿಸುತ್ತದೆ. ಅಪಾಯ ಇರುವುದೂ ಅಲ್ಲೇ. ಕಾರಿನ ಪಕ್ಕದಲ್ಲಿ ನಾವು ತೆರೆಯುವ ಪುಟ್ಟ ಬಾಗಿಲಿನಿಂದ ಹಿಂದಿನ ಸೀಟಿನ ಕೆಳಗೆ ಅಥವಾ ಡಿಕ್ಕಿಯ ಅಡಿಯಲ್ಲಿರುವ ಟ್ಯಾಂಕಿಗೆ ಪೆಟ್ರೋಲ್ ಇಳಿಯಲು ಒಂದು ಕಬ್ಬಿಣದ ಕೊಳವೆ ಇದೆ. ಮೆಕ್ಯಾನಿಕ್‌ಗಳು ಅದನ್ನು ಫಿಲ್ಲರ್ ಪೈಪ್ ಎನ್ನುತ್ತಾರೆ. ಬಹಳಷ್ಟು ಕಾರುಗಳಲ್ಲಿ ಅದು ಹಾದುಹೋಗುವುದು ಹಿಂದಿನ ಚಕ್ರದ ಕಮಾನಿನೊಳಗೆ. ಅದರ ಮಗ್ಗುಲಲ್ಲೇ ಬೆರಳು ಗಾತ್ರದ ಇನ್ನೊಂದು ಕೊಳವೆ, ಅಂದರೆ ಬ್ರೀದರ್. ದಪ್ಪ ಪೈಪಿನಲ್ಲಿ ಪೆಟ್ರೋಲ್ ಇಳಿಯುವಾಗ ಟ್ಯಾಂಕಿನ ಗಾಳಿ ಸಣ್ಣದರಲ್ಲಿ ಮೇಲೆ ಬರುತ್ತದೆ. ಎರಡರ ಕೆಳತುದಿಗಳೂ ರಬ್ಬರ್ ಹೋಸ್ ಮೂಲಕ ಟ್ಯಾಂಕಿಗೆ ಸೇರುತ್ತವೆ. ಟ್ಯಾಂಕ್ ತುಂಬಿ ತುಳುಕುವಾಗ ಮಾತ್ರ ಈ ಪೈಪಿನೊಳಗೆ ಪೆಟ್ರೋಲ್ ನಿಲ್ಲುತ್ತದೆ. ಹಾಗಾಗಿ ಪೈಪಿನ ಮೇಲ್ಭಾಗದಲ್ಲಿ ತೂತಾಗಿದ್ದರೆ ಫುಲ್ ಮಾಡಿಸಿದ ದಿನ ಮಾತ್ರ ಅದು ಗೊತ್ತಾಗುತ್ತದೆ. ಉಳಿದ ದಿನಗಳಲ್ಲಿ ಅದೇ ತೂತಿನಿಂದ ಪೆಟ್ರೋಲಿನ ಆವಿ ಹೊರಗೆ ಹೋಗುತ್ತಿರುತ್ತದೆ, ಮಳೆಗಾಲದಲ್ಲಿ ಚಕ್ರ ಎರಚಿದ ನೀರು ಒಳಗೆ ಬರುತ್ತಿರುತ್ತದೆ. ಅರ್ಧ ಟ್ಯಾಂಕಿನಲ್ಲಿ ಓಡಿಸಿದವನಿಗೆ ಕಾಣದಾಗುವುದು ಸೋರಿಕೆಯ ಒಂದು ಪಾಲು ಮಾತ್ರ.

ಪೈಪ್ ತೂತಾಗುವುದು ತುಕ್ಕಿನಿಂದ. ಕರಾವಳಿಯಲ್ಲಿ ತುಕ್ಕು ಎಂದೊಡನೆ ನಾವು ಸಮುದ್ರದತ್ತ ಕೈ ತೋರಿಸುತ್ತೇವೆ. ಅದು ಅರ್ಧ ಸತ್ಯ. ಉಡುಪಿ ಜಿಲ್ಲೆಯೊಳಗೇ ಕಾಪು, ಕಾರ್ಕಳ, ಮಣಿಪಾಲಗಳ ಕಾರುಗಳನ್ನು ಜಾಕ್ ಕೊಟ್ಟು ಎತ್ತಿ ನೋಡಿದರೆ ಈ ಪೈಪ್ ಮೂರು ಬೇರೆ ಬೇರೆ ದಾರಿಯಲ್ಲಿ ಹಾಳಾಗಬಹುದು ಎಂಬುದು ತಿಳಿಯುತ್ತದೆ.

ಕಾಪುವಿನಲ್ಲಿ ಉಪ್ಪೇ ಮೊದಲ ಆರೋಪಿ. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳನ್ನು ಗಾಳಿ ಹೊತ್ತು ತರುತ್ತದೆ. ಅದರಲ್ಲಿ ಹೆಚ್ಚಿನದು ದಡದಿಂದ ಮೊದಲ ಒಂದೆರಡು ಕಿಲೋಮೀಟರ್ ಒಳಗೇ ಬೀಳುತ್ತದೆ. ದೀಪಸ್ತಂಭದ ಬೀಚಿನಿಂದ ರಾಷ್ಟ್ರೀಯ ಹೆದ್ದಾರಿ 66ರ ತನಕ ಇಡೀ ಕಾಪು ಪೇಟೆ ಆ ಪಟ್ಟಿಯಲ್ಲೇ ಇದೆ. ಆದರೆ ಒಣ ಉಪ್ಪು ಕಬ್ಬಿಣವನ್ನು ತಿನ್ನುವುದಿಲ್ಲ. ಗಾಳಿಯ ತೇವಾಂಶ ಶೇ 75 ದಾಟಿದಾಗ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರಾಡುವುದು ಇದೇ ಕಾರಣಕ್ಕೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಮ್ ಕ್ಲೋರೈಡ್ ಕೂಡ ಇರುತ್ತದೆ. ಅದು ಶೇ 33ರ ತೇವಾಂಶದಲ್ಲೇ ನೀರು ಹೀರಬಲ್ಲದು. ಅಂದರೆ ಮಳೆ ನಿಂತು ರಸ್ತೆ ಒಣಗಿದರೂ ಪೈಪಿನ ಮೇಲಿನ ಉಪ್ಪು ತನಗೆ ಬೇಕಾದ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಉಪ್ಪು ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ತುಕ್ಕಿನ ಕ್ರಿಯೆ ಚುರುಕಾಗುತ್ತದೆ. ಬಣ್ಣದಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ಕ್ಲೋರೈಡ್ ಅಲ್ಲಿ ನುಗ್ಗಿ ಗುಳಿ ತೋಡುತ್ತದೆ.

ಇದರ ಜೊತೆಗೆ ಮೀನಿನ ಲಾರಿಗಳು. ಮಲ್ಪೆ ಬಂದರಿನಿಂದ ಹೊರಟ ಲಾರಿಗಳು ಉಪ್ಪು ನೀರು, ಕರಗಿದ ಮಂಜುಗಡ್ಡೆಯ ನೀರನ್ನು ಹೆದ್ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವುದರ ಬಗ್ಗೆ ಬೈಕಿನವರ ದೂರು ಹಳೆಯದು. ಅವರ ಚಿಂತೆ ಚಕ್ರ ಜಾರುವುದು. ಹಿಂದೆ ಬರುವ ಕಾರಿನ ಅಡಿಭಾಗಕ್ಕೂ ಅದೇ ನೀರು ಎರಚುತ್ತದೆ ಎಂಬುದು ಯಾರ ದೂರಿನಲ್ಲೂ ಬರುವುದಿಲ್ಲ. ಅಮೆರಿಕ, ಕೆನಡಾಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅಲ್ಲಿನ ಹಳೆಯ ಸುಬಾರು ಕಾರುಗಳಲ್ಲಿ ಫಿಲ್ಲರ್ ಪೈಪ್ ತೂತಾಗುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಕಾಯಿಲೆ. ಪೈಪನ್ನು ಕಾಪಾಡಲೆಂದು ಹಾಕಿದ ಮರೆಯ ಹಿಂದೆಯೇ ಉಪ್ಪು ಬೆರೆತ ಕೆಸರು ಕೂತು ಅದನ್ನು ತಿನ್ನುತ್ತದೆ.

ಈ ಮರೆಯ ಕತೆಗೆ ನಮ್ಮ ಉದಾಹರಣೆ ಕಾರ್ಕಳ. ಅದು ಕಡಲಿನಿಂದ ಸುಮಾರು 25 ಕಿಲೋಮೀಟರ್ ಒಳಗಿದೆ. ಗಾಳಿಯ ಉಪ್ಪು ಅಲ್ಲಿಗೆ ತಲುಪುವಷ್ಟರಲ್ಲಿ ತೀರಾ ಕಡಿಮೆಯಾಗಿರುತ್ತದೆ. ಆದರೂ ಅಲ್ಲಿ ಪೈಪ್ ತೂತಾಗುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಮೀರುವ ಮಳೆ, ಮುರಕಲ್ಲಿನ ಕೆಂಪು ಮಣ್ಣು, ತೋಟದ ಮನೆಗೆ ಹೋಗುವ ಕಚ್ಚಾ ರಸ್ತೆ. ಚಕ್ರ ಎತ್ತಿ ಎರಚಿದ ಕೆಸರು ಕಮಾನಿನೊಳಗಿನ ಮರೆಯ ಸಂದಿಯಲ್ಲಿ ನುಗ್ಗಿ, ಪೈಪು ಮತ್ತು ಅದನ್ನು ಹಿಡಿದ ಬ್ರಾಕೆಟ್ ನಡುವೆ ಕೂರುತ್ತದೆ. ಮೇಲ್ಮೈ ಒಣಗಿ ಗಟ್ಟಿಯಾದರೂ ಒಳಗೆ ವಾರಗಟ್ಟಲೆ ಹಸಿ. ಮಣ್ಣು ಮುಚ್ಚಿದ ಜಾಗಕ್ಕೆ ಆಮ್ಲಜನಕ ಕಡಿಮೆ, ಅದರ ಅಂಚಿನ ಬಯಲು ಜಾಗಕ್ಕೆ ಹೆಚ್ಚು. ಒಂದೇ ಕಬ್ಬಿಣದಲ್ಲಿ ಈ ವ್ಯತ್ಯಾಸ ಉಂಟಾದರೆ ಪುಟ್ಟ ವಿದ್ಯುತ್ ಕೋಶವೇ ಹುಟ್ಟಿಕೊಳ್ಳುತ್ತದೆ, ಕರಗುವುದು ಆಮ್ಲಜನಕ ಸಿಗದ ಮುಚ್ಚಿದ ಭಾಗ. ಹೊರಗಿನಿಂದ ಪೈಪ್ ಚೆನ್ನಾಗಿ ಕಾಣುತ್ತಿದ್ದರೂ ಬ್ರಾಕೆಟ್ ಬಿಚ್ಚಿದಾಗ ಅದರಡಿಯಲ್ಲಿ ಜರಡಿಯಾಗಿರುವುದು ಇದರಿಂದಲೇ.

ದೆಹಲಿಯ ಹೆಸರಾಂತ ಕಬ್ಬಿಣದ ಕಂಬ ಬಯಲಲ್ಲಿ ಹದಿನಾರು ಶತಮಾನಗಳಿಂದ ಹೆಚ್ಚೇನೂ ಮಾಸದೆ ನಿಂತಿದೆ. 1961ರಲ್ಲಿ ಬುಡ ಅಗೆದು ನೋಡಿದಾಗ ಮಣ್ಣಿನೊಳಗಿದ್ದ ಭಾಗಕ್ಕೆ ತುಕ್ಕು ಹತ್ತಿತ್ತು. ನಮ್ಮ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯೆದುರಿನ ಕಬ್ಬಿಣದ ಧ್ವಜಸ್ತಂಭ ಅಷ್ಟು ಮಳೆ ಹೊಡೆಸಿಕೊಂಡೂ ನಿಂತಿದೆ. ಇವುಗಳ ಕಬ್ಬಿಣದ ಗುಣವೇ ಬೇರೆ, ಅದು ನಿಜ. ಆದರೂ ಮೇಲೆ ಬಿದ್ದ ನೀರು ಇಳಿದುಹೋಗಿ ಗಾಳಿಗೆ ಮೈ ಒಣಗುವುದಕ್ಕೂ, ಒದ್ದೆ ಮಣ್ಣಿನಲ್ಲಿ ಹೂತಿರುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ದೆಹಲಿಯ ಒಂದೇ ಕಂಬ ತೋರಿಸಿಕೊಡುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ ದಪ್ಪವಿರುವ ಕಾರಿನ ಪೈಪಿಗೆ ಆ ಅಂತರ ಇನ್ನೂ ದೊಡ್ಡದು.

ಮಣಿಪಾಲದಲ್ಲಿ ಮೂರನೆಯ ದಾರಿ. ಗುಡ್ಡದ ಮೇಲಿನ ಊರು, ಒಳ್ಳೆಯ ರಸ್ತೆ. ಅಲ್ಲಿ ಹಳೆಯ ಕಾರನ್ನು ಕೆಡಿಸುವುದು ಓಡಾಟಕ್ಕಿಂತ ನಿಲುಗಡೆ. ರಜೆಗೆ ಊರಿಗೆ ಹೋದ ವಿದ್ಯಾರ್ಥಿಯ ಸೆಕೆಂಡ್ ಹ್ಯಾಂಡ್ ಕಾರು, ಗಲ್ಫಿನಿಂದ ವರ್ಷಕ್ಕೊಮ್ಮೆ ಬರುವವರ ಕಾರು ಮಳೆಗಾಲವಿಡೀ ಮರದಡಿ ನಿಂತಿರುತ್ತದೆ. ಪೆಟ್ರೋಲ್ ಮುಚ್ಚಳದ ಸುತ್ತ ಬಟ್ಟಲಿನಂಥ ಒಂದು ಕುಳಿ ಇದೆ. ಅದರ ತಳದಲ್ಲಿ ನೀರು ಹೋಗಲು ಸಣ್ಣ ತೂತು, ಕೆಲವು ಕಾರುಗಳಲ್ಲಿ ಅದಕ್ಕೊಂದು ರಬ್ಬರ್ ನಳಿಕೆ. ಒಣ ಎಲೆ, ಹೂವಿನ ಕೇಸರ, ಧೂಳು ಸೇರಿ ಆ ತೂತು ಕಟ್ಟಿಕೊಂಡರೆ ಬಟ್ಟಲಲ್ಲಿ ನೀರು ನಿಲ್ಲುತ್ತದೆ, ಪೈಪಿನ ಬಾಯಿಯೇ ನೀರಿನಲ್ಲಿ ಮುಳುಗಿರುತ್ತದೆ. ಇಲ್ಲಿ ತುಕ್ಕು ಮೇಲಿನಿಂದ ಕೆಳಗಿಳಿಯುತ್ತದೆ. ಮುಚ್ಚಳದ ವಾಷರ್ ಸವೆದಿದ್ದರೆ ನೀರು ನೇರ ಟ್ಯಾಂಕಿಗೇ ಹೋಗುತ್ತದೆ.

ನೀರು ಟ್ಯಾಂಕಿಗೆ ಹೋದರೆ ಏನಾಗುತ್ತದೆ? ನೀರಿಗಿಂತ ಪೆಟ್ರೋಲ್ ಹಗುರ. ನೀರು ತಳ ಸೇರುತ್ತದೆ, ಪಂಪ್ ಹೀರುವುದೂ ತಳದಿಂದಲೇ. ಹಿಂದೆ ಇದರಿಂದ ಇಂಜಿನ್ ಜಗ್ಗುವುದು, ನಿಲ್ಲುವುದು ಇತ್ತು. ಈಗ ಎಥೆನಾಲ್ ಕೂಡ ಸೇರಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ 20ರ ಎಥೆನಾಲ್ ಮಿಶ್ರಣ ಈಗ ದೇಶದ ಎಲ್ಲೆಡೆ ಮಾಮೂಲಿ ಪೆಟ್ರೋಲ್ ಆಗಿದೆ. ಎಥೆನಾಲಿಗೆ ನೀರೆಂದರೆ ಸೆಳೆತ. ಸ್ವಲ್ಪ ನೀರನ್ನು ಅದು ತನ್ನಲ್ಲಿ ಕರಗಿಸಿಕೊಂಡು ಇಂಜಿನ್ನಿಗೆ ದಾಟಿಸಿಬಿಡುತ್ತದೆ, ಅದು ಒಂದು ರೀತಿಯಲ್ಲಿ ಒಳ್ಳೆಯದೇ. ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಆಗ ಪಂಪಿಗೆ ಸಿಗುವುದು ಉರಿಯದ ಮಿಶ್ರಣ, ಟ್ಯಾಂಕಿನ ತಳಕ್ಕೂ ಅದರಿಂದ ಕೇಡು. ಇದಲ್ಲದೆ ಎಥೆನಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ಹಳೆಯ ರಬ್ಬರ್ ಹೋಸುಗಳು ಉಬ್ಬುತ್ತವೆ, ಬಿರುಕು ಬಿಡುತ್ತವೆ. ಮಾರುತಿ 800, ಆಮ್ನಿ, ಝೆನ್ ಕಾಲದ ಕಾರುಗಳಲ್ಲಿ ಪೈಪನ್ನು ಮಾತ್ರ ಬದಲಿಸಿ ಹೋಸ್ ಹಳೆಯದನ್ನೇ ಬಿಡುವುದು ಅರ್ಧ ಕೆಲಸ.

ಸೋರಿಕೆಗೆ ಊರೂರಿನ ತುರ್ತು ಮದ್ದುಗಳಿವೆ. ಬಟ್ಟೆ ಒಗೆಯುವ ಬಾರ್ ಸೋಪನ್ನು ಒತ್ತಿ ಹಚ್ಚುವುದು ಒಂದು. ಪೆಟ್ರೋಲಿನಲ್ಲಿ ಸೋಪು ಕರಗದ ಕಾರಣ ಅದು ಗ್ಯಾರೇಜು ತಲುಪುವವರೆಗೆ ತಡೆಯುತ್ತದೆ, ಒಂದು ಮಳೆಗೆ ತೊಳೆದುಹೋಗುತ್ತದೆ. ಎಂ-ಸೀಲ್ ಮೆತ್ತುವುದು ಇನ್ನೊಂದು. ಅದು ಅಂಟುವುದು ಮೇಲಿನ ತುಕ್ಕಿಗೆ, ಕಬ್ಬಿಣಕ್ಕಲ್ಲ. ತುಕ್ಕು ಪದರವಾಗಿ ಎದ್ದಾಗ ಮೆತ್ತಿದ್ದೂ ಜೊತೆಗೆ ಬರುತ್ತದೆ. ಮೂರನೆಯದು ವೆಲ್ಡಿಂಗ್. ಇದಕ್ಕೆ ಯಾರು ಒಪ್ಪಿದರೂ ಬೇಡ ಎನ್ನಿ. ತುಕ್ಕು ತಿಂದ ತೆಳು ತಗಡು ಬೆಸುಗೆಯ ಶಾಖಕ್ಕೆ ಇನ್ನಷ್ಟು ದೊಡ್ಡದಾಗಿ ತೂತಾಗುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೆಂಕಿ. ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಅದರ ಆವಿ ಶೇ 1.4ರಷ್ಟಿದ್ದರೆ ಒಂದು ಕಿಡಿ ಸಾಕು. ಖಾಲಿ ಟ್ಯಾಂಕ್ ಕ್ಷೇಮ ಎಂಬ ನಂಬಿಕೆ ತಪ್ಪು. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗವಿರುವುದಿಲ್ಲ. ಖಾಲಿಯಾದದ್ದರಲ್ಲಿ ಗಾಳಿಯೂ ಆವಿಯೂ ಸ್ಫೋಟಕ್ಕೆ ಬೇಕಾದ ಹದದಲ್ಲಿ ಬೆರೆತಿರಬಹುದು.

ಹಾಗಾದರೆ ಬದಲಿಸುವುದು ಹೇಗೆ? ಕೆಲಸ ನೀವೇ ಮಾಡಿ ಎಂದು ಹೇಳುತ್ತಿಲ್ಲ. ಮೆಕ್ಯಾನಿಕ್ ಏನು ಮಾಡುತ್ತಾನೆ, ಯಾವುದನ್ನು ಬಿಡುತ್ತಾನೆ ಎಂದು ನಿಂತು ನೋಡುವಷ್ಟು ಗೊತ್ತಿದ್ದರೆ ಸಾಕು.

ಮೊದಲು ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿಯಲಿ. ಕೆಲಸ ಬಯಲಲ್ಲಿ ಅಥವಾ ಗಾಳಿಯಾಡುವ ಶೆಡ್ಡಿನಲ್ಲಿ ನಡೆಯಲಿ, ಗ್ಯಾರೇಜಿನ ಗುಂಡಿಯ ಮೇಲೆ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಅದು ಗುಂಡಿಯಲ್ಲಿ ತುಂಬಿ ನಿಲ್ಲುತ್ತದೆ. ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಬೇಕು. ಟ್ಯಾಂಕಿನ ಒತ್ತಡ ಇಳಿಯಲು ಮುಚ್ಚಳ ಒಮ್ಮೆ ತೆರೆದು ಹಾಕಬೇಕು. ಕಾರು ಜಾಕಿನ ಮೇಲೆ ಮಾತ್ರ ನಿಲ್ಲಬಾರದು, ಕೆಳಗೆ ಸ್ಟ್ಯಾಂಡ್ ಬೇಕೇ ಬೇಕು.

ಚಕ್ರ ತೆಗೆದು, ಕಮಾನಿನ ಪ್ಲಾಸ್ಟಿಕ್ ಮರೆಯ ಕ್ಲಿಪ್ಪುಗಳನ್ನು ಎಬ್ಬಿಸಿದಾಗ ಬೀಳುವುದು ಮಣ್ಣು. ಮೇಲೆ ಒಣ ಹೆಂಟೆ, ಒಳಗೆ ಹಸಿ ಕೆಸರು, ಎಲೆಯ ನಾರು, ಕಾಪುವಿನ ಕಾರಾದರೆ ಮರಳು. ಇದನ್ನೆಲ್ಲ ನೀರಿನಲ್ಲಿ ತೊಳೆದು ಒಣಗಲು ಬಿಡಬೇಕು. ತೊಳೆಯದೆ ಬಿಚ್ಚಿದರೆ ಅದೆಲ್ಲ ತೆರೆದ ಹೋಸಿನ ಮೂಲಕ ಟ್ಯಾಂಕಿಗೆ ಬೀಳುತ್ತದೆ. ಈ ಹೊತ್ತಿಗೆ ಹೋಸುಗಳು ಯಾವುದು ಎಲ್ಲಿಗೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತಕರಾರಿಲ್ಲ.

ಇಡೀ ಕೆಲಸದಲ್ಲಿ ಸಮಯ ತಿನ್ನುವುದು ಬ್ರಾಕೆಟ್ ಹಿಡಿದ ಒಂದೆರಡು ಬೋಲ್ಟುಗಳು. ಅವುಗಳ ತಲೆ ತುಕ್ಕಿನಿಂದ ಉರುಟಾಗಿರುತ್ತದೆ. ಸ್ಪ್ಯಾನರ್ ಜಾರಿದರೆ ಉಳಿದ ಅಂಚೂ ಹೋಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟು, ಬೆಳಿಗ್ಗೆ ಸ್ವಲ್ಪ ಬಿಗಿ ಮಾಡಿ ಆಮೇಲೆ ಸಡಿಲಿಸುವುದು ಅನುಭವಸ್ಥರ ಕ್ರಮ. ಬಿಡದಿದ್ದರೆ ಕೈಗರಗಸದಿಂದ ನಿಧಾನಕ್ಕೆ ಕೊಯ್ಯಬೇಕು. ಗ್ರೈಂಡರ್, ಗ್ಯಾಸ್ ಕಟ್ಟರ್ ಇವೆರಡನ್ನೂ ಆ ಜಾಗದ ಹತ್ತಿರ ತರಕೂಡದು. ಪೈಪಿನ ಬೆಲೆಗಿಂತ ಬೋಲ್ಟ್ ಬಿಡಿಸುವ ಕೂಲಿ ಹೆಚ್ಚಾದರೆ ಜಗಳವಾಡಬೇಡಿ. ಅವಸರದವನು ಕಡಿಮೆ ಹಣಕ್ಕೆ ಮಾಡುವುದು ಕಿಡಿ ಹಾರಿಸುವ ಯಂತ್ರದಿಂದ.

ಮೇಲ್ಗಡೆ ಬಾಯಿಯ ಸುತ್ತಲಿನ ಸ್ಕ್ರೂ ಬಿಚ್ಚಿದ ಮೇಲೆ ಉಳಿಯುವುದು ಕೆಳತುದಿಯ ಹೋಸುಗಳು. ಅವು ವರ್ಷಗಟ್ಟಲೆ ಕೂತು ಕಬ್ಬಿಣಕ್ಕೆ ಅಂಟಿಕೊಂಡಿರುತ್ತವೆ. ಜಗ್ಗಬಾರದು. ಟ್ಯಾಂಕಿನಿಂದ ಹೊರಟ ಗಿಡ್ಡ ಕೊಳವೆಯೂ ತುಕ್ಕು ಹಿಡಿದಿರಬಹುದು. ಅದು ಮುರಿದರೆ ಪೈಪಿನ ಕೆಲಸ ಹೋಗಿ ಟ್ಯಾಂಕ್ ಇಳಿಸುವ ಕೆಲಸವಾಗುತ್ತದೆ. ಹೊಸ ಹೋಸ್ ಕೈಯಲ್ಲಿದ್ದರೆ ಹಳೆಯದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಬಿಡಿಸುವುದೇ ಲೇಸು. ಬಿಡಿಸಿದ ಕೂಡಲೇ ಟ್ಯಾಂಕಿನ ಬಾಯಿಗೆ ಶುಭ್ರ ಬಟ್ಟೆ ತುರುಕಬೇಕು. ತುಕ್ಕಿನ ಚೂರು ಒಳಗೆ ಬಿದ್ದರೆ ನಾಳೆ ಪಂಪಿನ ಜಾಲರಿ ಕಟ್ಟುತ್ತದೆ, ಕಾರು ನಿಂತಾಗ ಬೈಗುಳ ಹೊಸ ಪೈಪಿಗೆ ಬೀಳುತ್ತದೆ.

ಪೈಪ್ ಹುಡುಕುವಾಗ ಹಳೆಯದನ್ನೇ ಅಂಗಡಿಗೆ ಒಯ್ಯುವುದು ಕ್ಷೇಮ. ಒಂದೇ ಹೆಸರಿನ ಕಾರಿನಲ್ಲೂ ಕಾರ್ಬ್ಯುರೇಟರ್ ಕಾಲದ ಪೈಪಿಗೂ ನಂತರದ ಇಂಜೆಕ್ಷನ್ ಕಾಲದ್ದಕ್ಕೂ ಬಾಗು, ಬಾಯಿಯ ಅಗಲ, ಬ್ರೀದರ್ ಜೋಡಣೆ ಬೇರೆ ಇರಬಹುದು. ಸೀಸರಹಿತ ಪೆಟ್ರೋಲಿನ ಕಾರುಗಳಿಗೆ ಬಾಯಿ ಕಿರಿದು ಮಾಡಿ ಒಳಗೊಂದು ರೆಪ್ಪೆ ಇಟ್ಟರು. ಸೀಸವಿರುವ ಪೆಟ್ರೋಲ್ ದೇಶದಲ್ಲಿ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೆ ಮೊದಲಿನ ಕಾರಾದರೆ ಬಾಯಿಯ ಅಳತೆ ನೋಡಿಯೇ ತನ್ನಿ. ಗುಜರಿಯಿಂದ ತರುವುದಾದರೆ ಘಟ್ಟದ ಮೇಲಿನ ಒಣ ಊರಿನ ಕಾರಿನ ಪೈಪ್ ಸಿಕ್ಕರೆ ಅದೃಷ್ಟ. ನಮ್ಮೂರಿನದೇ ಆದರೆ ಅದೂ ಇದೇ ಮಳೆ ಕುಡಿದದ್ದು.

ಹೊಸದರ ಕರಿಬಣ್ಣವನ್ನು ನಂಬಿ ಹಾಗೆಯೇ ಕಟ್ಟಬೇಡಿ. ಅದರ ಮೇಲೆ ಸತುವಿನ ಅಂಶವಿರುವ ಅಥವಾ ಎಪಾಕ್ಸಿ ಪ್ರೈಮರ್, ನಂತರ ಅಡಿಭಾಗಕ್ಕೆ ಹೊಡೆಯುವ ಕೋಟಿಂಗ್ ಹಚ್ಚಿ ಒಣಗಿಸಬೇಕು. ಬ್ರಾಕೆಟ್ ಕೂರುವ ಜಾಗಕ್ಕೆ ಇನ್ನೊಂದು ಕೈ ಜಾಸ್ತಿ. ಜೋಡಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಹೋಸ್ ಪೆಟ್ರೋಲಿಗೆಂದೇ ಮಾಡಿದ್ದಾಗಿರಲಿ. ದಪ್ಪ ಒಂದೇ ಇದೆ ಎಂದು ರೇಡಿಯೇಟರ್ ಹೋಸ್ ತುಂಡನ್ನು ಹಾಕುವ ಪದ್ಧತಿ ಕೆಲವೆಡೆ ಇದೆ. ನೀರಿಗೆ ಬಾಳುವ ಆ ರಬ್ಬರ್ ಪೆಟ್ರೋಲಿಗೆ ಉಬ್ಬಿ ಮೆತ್ತಗಾಗುತ್ತದೆ. ಕ್ಲಾಂಪ್ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ರಬ್ಬರ್ ಕೊಯ್ಯುವಷ್ಟು ಬಿಗಿ ಬೇಡ. ಬಟ್ಟಲಿನ ತಳದ ತೂತಿಗೆ ಹಿಡಿಸೂಡಿಯ ಕಡ್ಡಿ ಹಾಕಿ, ಒಂದು ಲೋಟ ನೀರು ಹೊಯ್ದು, ಕೆಳಗೆ ಬಂತೇ ಎಂದು ನೋಡದೆ ಮರೆ ಮುಚ್ಚಬಾರದು.

ಪರೀಕ್ಷೆ ಎರಡು ಹಂತದಲ್ಲಿ. ಮೊದಲು ಐದು ಲೀಟರ್ ಹಾಕಿಸಿ ಜೋಡಣೆಯ ಸುತ್ತ ಒಣ ಕಾಗದ ಒತ್ತಿ ನೋಡುವುದು. ಸರಿಯಿದ್ದರೆ ಇನ್ನೊಂದು ದಿನ ಫುಲ್. ಬಂಕಿನ ನಾಝಲ್ ತುದಿಯಲ್ಲಿ ಸಣ್ಣದೊಂದು ತೂತಿರುತ್ತದೆ. ಪೆಟ್ರೋಲ್ ಏರಿ ಅದನ್ನು ಮುಚ್ಚಿದಾಗ ಒಳಗಿನ ಸೆಳೆತ ಬದಲಾಗಿ ಟಕ್ಕನೆ ನಿಲ್ಲುತ್ತದೆ. ಟ್ಯಾಂಕ್ ತುಂಬುವ ಮೊದಲೇ ಮತ್ತೆ ಮತ್ತೆ ನಿಂತರೆ ಬ್ರೀದರ್ ಮಡಚಿದೆ ಅಥವಾ ಕಟ್ಟಿದೆ ಎಂದರ್ಥ. ನಿಂತ ಮೇಲೆ ಬಿಲ್ಲು ರೌಂಡ್ ಮಾಡಲೆಂದು ಇನ್ನಷ್ಟು ಹಾಕಿಸುವ ಅಭ್ಯಾಸ ಬಿಡುವುದು ಒಳ್ಳೆಯದು. ಆ ಕೊನೆಯ ಹನಿಗಳು ನಿಲ್ಲುವುದು ಪೈಪಿನಲ್ಲೇ. ಇಷ್ಟಾದ ಮೇಲೂ ಕಾರಿನೊಳಗೆ ವಾಸನೆ ಬಂದರೆ ಕಿಟಕಿ ಇಳಿಸಿ ಸುಮ್ಮನಾಗಬೇಡಿ. ಪೆಟ್ರೋಲಿನಲ್ಲಿ ಬೆಂಝೀನ್ ಇದೆ, ಅದು ಕ್ಯಾನ್ಸರ್ ತರುವ ವಸ್ತು ಎಂದು ಖಚಿತವಾಗಿದೆ.

ಆಮೇಲಿನ ಆರೈಕೆ ಸರಳ. ಮಳೆ ಹಿಡಿಯುವ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಮರೆ ಬಿಚ್ಚಿಸಿ ಒಳಗೆ ತೊಳೆಸಿ. ವಾಟರ್ ಸರ್ವಿಸಿನಲ್ಲಿ ಹೊರಗಿನಿಂದ ಎಷ್ಟು ಜೋರಾಗಿ ನೀರು ಹೊಡೆದರೂ ಸಂದಿಯ ಮಣ್ಣು ಬರುವುದಿಲ್ಲ, ಇನ್ನಷ್ಟು ಒದ್ದೆಯಾಗುತ್ತದೆ ಅಷ್ಟೆ.

ಇಷ್ಟು ಮಾಡುವಷ್ಟು ಬೆಲೆ ಹಳೆಯ ಕಾರಿಗಿದೆಯೇ ಎಂಬ ಪ್ರಶ್ನೆ ಸಹಜ. ದೆಹಲಿಯಂತೆ ವಯಸ್ಸು ನೋಡಿ ಖಾಸಗಿ ಕಾರನ್ನು ರಸ್ತೆಯಿಂದ ಇಳಿಸುವ ನಿಯಮ ನಮ್ಮಲ್ಲಿಲ್ಲ. 15 ವರ್ಷವಾದ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಕೆಎ 20 ನೋಂದಣಿಯ ಕಟ್ಟಕಡೆಯ 800 ಕಾರುಗಳೂ ಈ ತಪಾಸಣೆಯ ಹೊಸ್ತಿಲಿಗೆ ಬರುವ ಕಾಲ ದೂರವಿಲ್ಲ. ಇಂಜಿನ್ ಗಟ್ಟಿಯಿದ್ದು ಬಾಡಿ ಕೈಕೊಟ್ಟ ಕಾರುಗಳೇ ನಮ್ಮ ಕಡೆ ಹೆಚ್ಚು.

ನಿರ್ಧಾರಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಚಕ್ರ ತೆಗೆದಿರುವಾಗಲೇ ಅದರ ಹಿಡಿಯಿಂದ ಕಮಾನಿನ ಒಳಭಾಗ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಟ್ಯಾಂಕಿನ ಪಟ್ಟಿ ಇವನ್ನು ತಟ್ಟಬೇಕು, ಸಂಶಯ ಬಂದಲ್ಲಿ ತುದಿಯಿಂದ ಒತ್ತಬೇಕು. ಟಣ್ ಎಂದರೆ ತಗಡು ಜೀವಂತ, ಪೈಪಿಗೆ ಖರ್ಚು ಮಾಡಿ. ಟ್ಯಾಂಕಿನ ಗಿಡ್ಡ ಕೊಳವೆ ಮಾತ್ರ ಹೋಗಿದ್ದರೆ ಟ್ಯಾಂಕನ್ನೂ ಒಟ್ಟಿಗೆ ಬದಲಿಸಿ, ಎರಡು ಸಲ ಕೂಲಿ ಕೊಡಬೇಡಿ. ಸ್ಪ್ರಿಂಗ್ ಕೂರುವ ಜಾಗದಲ್ಲೇ ಸ್ಕ್ರೂಡ್ರೈವರ್ ಒಳಗಿಳಿದರೆ ಆ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಬಾರದು, ಹೊಸ ಪೈಪಿನ ಮಾತೂ ಬೇಡ. ಈ ತಪಾಸಣೆ ಪೈಪ್ ಕೊಂಡ ಮೇಲಲ್ಲ, ಕೊಳ್ಳುವ ಮೊದಲು ಆಗಲಿ.